ಎಡಕ್ಕೆ ವಾಲಿದ ಎಲೆ

"ಈ ಬೆನ್ನಿನ ಕಟಿಂಗು ನಿಮ್ಮನ್ನ ಬಿಟ್ಟು ಇನ್ನೊಬ್ಬರಿಗೆ ಹೊಲಿಯಂಗಿಲ್ರಿ" ಎಂದು ಟೇಲರ್ ಮುರುಗೆಪ್ಪ ನೀತಾಬಾಯಿಗೆ ಮಾತು ಕೊಟ್ಟದ್ದು ತೊಂಬತ್ನಾಲ್ಕರಲ್ಲಿ. ಗುಳೇದಗುಡ್ಡದಿಂದ ಬಂದು ಮರಾಠಿ ಸೀಮೆಯ ಧನಕವಡಿಯಲ್ಲಿ ಒಂದೇ ಮಷಿನ್ನಿಟ್ಟುಕೊಂಡು ಕೂತವನನ್ನು ನಂಬಿ ಮೊದಲು ಬಟ್ಟೆ ಕೊಟ್ಟವರು ಆಕೆ. ಖಣದ ಬ್ಲೌಸಿನ ಬೆನ್ನಿಗೆ ವೀಳ್ಯದೆಲೆಯ ಆಕಾರ ತೆಗೆಯುವಾಗ ಕತ್ತರಿ ಜಾರಿ ಎಲೆಯ ತುದಿ ತುಸು ಎಡಕ್ಕೆ ವಾಲಿತ್ತು. ಅವನು ಆ ತಪ್ಪನ್ನೇ ಚೆಂದ ಮಾಡಿ ಅಂಚಿಗೆ ಪಟ್ಟಿ ಕೂಡಿಸಿದ್ದ. ನೀತಾಬಾಯಿ ಕನ್ನಡಿಗೆ ಬೆನ್ನು ಮಾಡಿ ನಿಂತು, ಇಂಥದ್ದು ಇನ್ನೊಬ್ಬಳ ಮೈಮೇಲೆ ಕಾಣಬಾರದು ಎಂದಿದ್ದರು. ಆ ಕಟಿಂಗು ಇಳಿಸಿಕೊಂಡ ಕಾಗದದ ನಮೂನೆ ತಗಡಿನ ಡಬ್ಬಿ ಸೇರಿತು.

ಹದಿಮೂರು ವರ್ಷದ ಮೇಲೆ, ಗಣಪತಿ ಹಬ್ಬ ಹತ್ತಿರವಿದ್ದಾಗ, ಕಾಲೇಜಿನ ಹುಡುಗಿಯೊಬ್ಬಳು ಸೈಬರ್ ಕೆಫೆಯ ಪ್ರಿಂಟ್ ತಂದಳು. ಆರ್ಕುಟ್‌ನಲ್ಲಿ ಬಂದದ್ದು, ಅಮೆರಿಕದ ಫ್ಯಾಶನ್, ಹೀಗೇ ಬೇಕು ಎಂದು ಮರಾಠಿಯಲ್ಲಿ ಹೇಳಿದಳು. ಕಪ್ಪು ಬಿಳುಪಿನ ಮಸುಕು ಚಿತ್ರ. ಮುಖವಿಲ್ಲ, ಬರೀ ಬೆನ್ನು. ಬೆನ್ನಿನ ಮೇಲೆ ಎಲೆ, ತುದಿ ಎಡಕ್ಕೆ.

ಆಗುವುದಿಲ್ಲ ಎಂದು ಕಳಿಸಿಬಿಟ್ಟ. ಅದೇ ವಾರ ಇನ್ನಿಬ್ಬರು ಅದೇ ಚಿತ್ರ ಹಿಡಿದು ಬಂದರು. ಡಬ್ಬಿ ತೆರೆದರೆ ನಮೂನೆ ಇದ್ದಲ್ಲೇ ಇತ್ತು. ಸಂಶಯದ ಕಣ್ಣಿಗೆ ಮಡಿಕೆ ಮಾತ್ರ ಹೊಸದೆನಿಸಿತು. ಡಬ್ಬಿಯ ಗುಟ್ಟು ಗೊತ್ತಿದ್ದದ್ದು ಅವನಿಗೆ ಮತ್ತು ಜೊತೆಗೆ ಹೊಲಿಯುವ ಮಗಳು ಸ್ನೇಹಲ್‌ಗೆ. ಕೆಫೆಗೆ ಹೋಗುವವಳೂ ಅವಳೇ. ನೆಟ್ಟಿನಲ್ಲಿ ನೋಡಿ ನೋಡಿ ಜೀನ್ಸಿನ ಮೊಣಕಾಲು ತಾನೇ ಹರಿದುಕೊಂಡವಳು. ಎರಡು ದಿನ ಅವಳ ಬ್ಯಾಗಿನ ಮೇಲೇ ಅವನ ಕಣ್ಣು. ಮೂರನೆಯ ದಿನ ತಡೆಯಲಾಗಲಿಲ್ಲ.

"ನಮೂನಿ ಯಾರಿಗೆ ಕೊಟ್ಟಿ?"

ಸ್ನೇಹಲ್ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದಳು. "ಕಾಲಿಗೆ ಬಿದ್ದು ಕೇಳಿದ್ರೂ ನನಗ ಹೊಲಿದುಕೊಡಲಿಲ್ಲ ನೀ. ನಾ ಕದ್ದು ಊರಿಗೆ ಹಂಚತೀನೇನಪ್ಪಾ?"

"ಮತ್ತ ಅಮೆರಿಕಾಕ್ಕ ಅದು ತಾನಾಗೇ ನಡಕೋತ ಹೋತೇನು?"

ಅವಳು ಅವನನ್ನು ಕೆಫೆಗೆ ಕರೆದೊಯ್ದಳು. ಪರದೆಯ ಮೇಲೆ ಚಿತ್ರಕ್ಕೆ ಬಣ್ಣವಿತ್ತು: ಹಸಿರು ಖಣ, ನೇರಳೆ ಪಟ್ಟಿ. ಆ ಪಟ್ಟಿ ಆರಿಸಿದ್ದು ಅವನೇ. ಅದು ನಕಲಲ್ಲ, ಅವನ ಕೈಯ ಬ್ಲೌಸೇ. ಮುಂದಿನ ಚಿತ್ರದಲ್ಲಿ ಬೆನ್ನು ಈ ಕಡೆ ತಿರುಗಿ ನಗುತ್ತಿತ್ತು: ಅಮೆರಿಕದಲ್ಲಿ, ತಮ್ಮ ಮಗಳ ಮನೆಯಲ್ಲಿ, ನೀತಾಬಾಯಿ. ಕೆಳಗೆ ಎಷ್ಟೋ ಜನ ಟೇಲರ್ ಯಾರೆಂದು ಕೇಳಿದ್ದರು. ನೀತಾಬಾಯಿಯ ಇಂಗ್ಲಿಷ್ ಉತ್ತರವನ್ನು ಸ್ನೇಹಲ್ ಕನ್ನಡದಲ್ಲಿ ಓದಿದಳು.

"ಟೇಲರ್ ಯಾರೂ ಇಲ್ಲ, ನನ್ನದೇ ಡಿಸೈನ್ ಅಂತ ಬರದಾರ."

ಅಂಗಡಿಗೆ ಮರಳಿ ಸ್ನೇಹಲ್ ಮತ್ತೆ ದಾರ ಕಚ್ಚಿಕೊಂಡು ಕೂತಳು. ಮುರುಗೆಪ್ಪ ಡಬ್ಬಿಯಿಂದ ನಮೂನೆ ತೆಗೆದ, ಕಪಾಟಿನಿಂದ ಕೆಂಪು ಖಣ ತೆಗೆದ, ಟೇಪು ಹಿಡಿದು ಅವಳ ಹಿಂದೆ ನಿಂತ.

"ನೆಟ್ಟಗ ಕೂಡು."

"ಯಾರಿಗದು?"

"ಯಾರ ಬೆನ್ನು ಅಳೀಲಿಕ್ಹತ್ತೀನಿ, ಅವರಿಗೆ."

ಹಬ್ಬದ ಹಿಂದಿನ ದಿನ ಬ್ಲೌಸು ಸಿದ್ಧವಾಯಿತು. ಮುರುಗೆಪ್ಪ ಕೊಟ್ಟ ಮಾತು ಮುರಿದ.