ಎರಡು ಬೆರಳು ದೂರ

ನನ್ನ ಹೆಂಡತಿಯ ತಮ್ಮನನ್ನು ಕಂಡರೆ ನನಗಾಗದು. ಅವನಿಗೂ ನನ್ನನ್ನು ಕಂಡರೆ ಆಗದು. ಈ ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಪೂರ್ತಿ ಒಮ್ಮತ. ಅವನು ನನ್ನನ್ನು ‘ಭಾವ’ ಅನ್ನುವುದನ್ನು ನೀವು ಕೇಳಬೇಕು. ಆ ಪದದಲ್ಲಿ ಇರಬೇಕಾದ ಗೌರವವನ್ನೆಲ್ಲ ಹಿಂಡಿಕೊಂಡು ಸಿಪ್ಪೆಯನ್ನು ಮಾತ್ರ ನನ್ನ ಕಡೆ ಎಸೆದ ಹಾಗಿರುತ್ತದೆ. “ಭಾವ, ನಿಮ್ಮ ಬಾರ್ಸೋದ್ರಲ್ಲಿ ಎಲ್ಲಾ ಇದೆ, ಭಾವ ಒಂದು ಬಿಟ್ಟು” ಅಂತ ಒಮ್ಮೆ ನನ್ನ ಮನೆಯಲ್ಲೇ ಊಟಕ್ಕೆ ಕೂತು ಹೇಳಿದ್ದ. ಅವನ ಅಕ್ಕ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ಇನ್ನೂ ನಕ್ಕಿಲ್ಲ.

ನಾನು ಡ್ರಮ್ಸ್ ಬಾರಿಸುವವನು. ಅವನು ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡವನು. ಒಂದೇ ಕಸುಬಿನ ಈ ಕಡೆ ಒಬ್ಬ, ಆ ಕಡೆ ಒಬ್ಬ, ಮಧ್ಯೆ ದಪ್ಪ ಗಾಜು. ಆ ಗಾಜು ಇರುವುದರಿಂದಲೇ ನಮ್ಮ ಸಂಬಂಧ ಇಷ್ಟು ದಿನ ಉಳಿದಿದೆ ಅಂತ ನನ್ನ ನಂಬಿಕೆ. ನಮ್ಮ ತಂಡದ ಗಾಯಕಿ ಹೊಸ ಆಲ್ಬಮ್ಮಿಗೆ ಅವನ ಸ್ಟುಡಿಯೋವನ್ನೇ ಗೊತ್ತು ಮಾಡಿದಳು. “ಮನೆಯವರೇ ಅಲ್ವಾ ಅಣ್ಣ, ನಿಮಗೂ ಆರಾಮ” ಅಂದಳು. ಪಾಪ, ಅವಳಿಗೇನು ಗೊತ್ತು.

ಅವಳಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯೂ ಇತ್ತು. ನನ್ನ ಎಡಗೈ ಕೈಕೊಟ್ಟಿತ್ತು. ಬೇರೆಯವರು ಕೈಕೊಟ್ಟರೆ ನಾಲ್ಕು ಜನರ ಮುಂದೆ ಬೈಯಬಹುದು, ಕೈಯೇ ಕೈಕೊಟ್ಟರೆ ಯಾರ ಹತ್ತಿರ ಹೇಳಿಕೊಳ್ಳುವುದು? ಚೆನ್ನಾಗಿಯೇ ಇರುತ್ತದೆ, ಇದ್ದಕ್ಕಿದ್ದಂತೆ ಬೆರಳುಗಳಲ್ಲಿ ಹಿಡಿತ ಹೋಗಿಬಿಡುತ್ತದೆ. ಒಂದು ಏಟು ಬೀಳಬೇಕಾದಲ್ಲಿ ಕೋಲು ಸೋತು ಎರಡು ಸಲ ಕುಟುಕುತ್ತದೆ. ಡಾಕ್ಟರು ಮಣಿಕಟ್ಟು ಒತ್ತಿ ನೋಡಿ, ನರ ಸಿಕ್ಕಿಹಾಕಿಕೊಂಡಿದೆ, ಕೋಲು ಮುಟ್ಟಬೇಡಿ ಅಂದುಬಿಟ್ಟಿದ್ದರು. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದ್ದು ಕಾಫಿ ಆರುವುದರೊಳಗೆ ತಮ್ಮನ ಕಿವಿಗೆ ತಲುಪುತ್ತದೆ. ಅವನಿಂದ ಗಾಯಕಿಗೆ. ಗಾಯಕಿಯ ಬಳಿ ಇನ್ನೊಬ್ಬ ಡ್ರಮ್ಮರಿನ ನಂಬರ್ ಇದೆ, ಒಳ್ಳೆಯ ಹುಡುಗಿ, ನನ್ನೆದುರು ಅವನ ಮಾತು ಎತ್ತುವುದಿಲ್ಲ ಅಷ್ಟೆ. ಈ ಆಲ್ಬಮ್ ತಪ್ಪಿದರೆ ತಂಡ ತಪ್ಪುತ್ತದೆ. ತಂಡ ತಪ್ಪಿದರೆ ನಾನು ಯಾರು ಅಂತ ಕೇಳಿದರೆ ಹೇಳಲಿಕ್ಕೆ ನನ್ನ ಬಳಿ ಏನೂ ಉಳಿಯುವುದಿಲ್ಲ.

ಅಂಥದ್ದರಲ್ಲಿ ಮೊದಲ ಹಾಡೇ ಟಾಮ್‌ಗಳಿಂದ ಶುರು. ಡ್ರಮ್ ಸೆಟ್ಟಿನಲ್ಲಿ ತಾಳ ಹಿಡಿಯುವುದಕ್ಕೆ ಬೇರೆ ಡ್ರಮ್ಮುಗಳಿವೆ. ಟಾಮ್‌ಗಳು ಗುಡುಗುವುದಕ್ಕೆ ಇರುವಂಥವು. ಚಿಕ್ಕದು, ನಡುವಿನದು, ಕಾಲೂರಿ ನೆಲದ ಮೇಲೆ ನಿಂತ ದೊಡ್ಡದು. ಹಾಡಿನ ಆರಂಭದಲ್ಲಿ ಗಿಟಾರಿಲ್ಲ, ದನಿಯಿಲ್ಲ, ಬರೀ ಈ ಮೂರರ ಮೇಲೆ ಬಲ ಎಡ ಬಲ ಎಡ ಅಂತ ನನ್ನ ಎರಡು ಕೈ. ಬಚ್ಚಿಟ್ಟುಕೊಳ್ಳಲು ಒಂದು ಕಂಬವೂ ಇಲ್ಲ.

ಬೆಳಿಗ್ಗೆ ನಾನು ಒಳಗೆ ಹೋದಾಗ ಅವನು ಆಗಲೇ ಮೈಕು ಇಡುತ್ತಿದ್ದ. ಅವನು ಸ್ಕೇಲು, ಟೇಪು ಯಾವುದನ್ನೂ ಹಿಡಿಯುವವನಲ್ಲ. ತೋರುಬೆರಳು ನಡುಬೆರಳು ಜೋಡಿಸಿ ಟಾಮ್‌ನ ಅಂಚಿನ ಮೇಲೆ ಮಲಗಿಸುತ್ತಾನೆ, ಬೆರಳಿನ ಬೆನ್ನಿಗೆ ತಾಗುವ ಹಾಗೆ ಮೈಕಿನ ಮೂತಿ ತರುತ್ತಾನೆ, ಆಮೇಲೆ ಅದನ್ನು ನಟ್ಟನಡುವಿಗೆ ಓರೆಯಾಗಿ ತಿರುಗಿಸಿ ಕ್ಲಿಪ್ಪು ಬಿಗಿಯುತ್ತಾನೆ. ಅದಕ್ಕೇ ನಾನು ಅವನಿಗೆ ಬೆರಳಪ್ಪ ಅಂತ ಹೆಸರಿಟ್ಟಿದ್ದೇನೆ. ಹಾಕಿದ್ದೂ ಮೊಂಡು ಜಾತಿಯ ಡೈನಮಿಕ್ ಮೈಕುಗಳನ್ನು. ಅವು ಮೂಗಿನ ಮುಂದಿದ್ದದ್ದನ್ನು ಬಿಟ್ಟು ಬೇರೇನೂ ಕೇಳಿಸಿಕೊಳ್ಳುವುದಿಲ್ಲ. ಮೂಗಿನ ಮುಂದಿದ್ದದ್ದನ್ನು ಮಾತ್ರ ಒಂದು ಚೂರೂ ಬಿಡುವುದಿಲ್ಲ.

“ಇದೇನೋ ಇದು?” ಅಂದೆ.

“ಮೈಕು, ಭಾವ.”

“ಮೈಕು ಅಂತ ನನಗೂ ಕಾಣುತ್ತೆ. ಹೀಗೆ ಬಾಯಿಗೆ ತುರುಕಿದ್ರೆ ಅದು ಉಸಿರಾಡೋದು ಹೇಗೆ?”

“ಟಾಮ್ ಉಸಿರಾಡಲ್ಲ. ಏಟು ಬಿದ್ರೆ ಶಬ್ದ ಮಾಡುತ್ತೆ. ನನಗೆ ಆ ಏಟು ಬೇಕು. ದೂರ ಇಟ್ರೆ ಸಿಂಬಲ್ ತಟ್ಟೆಗಳ ಕಿರಿಕಿರಿ ಎಲ್ಲಾ ಒಳಗೆ ಬಂದು ಕೂರುತ್ತೆ.”

“ಈ ಹಾಡಿನ ಶುರುವಿನಲ್ಲಿ ಸಿಂಬಲ್ಲೇ ಇಲ್ಲ. ಹಾಡು ಕೇಳಿದೀಯೋ, ಅದೂ ಇಲ್ವೋ?”

ಅವನು ಬಿಗಿದ ಕ್ಲಿಪ್ಪನ್ನೇ ಮತ್ತೆ ಬಿಗಿದ. ಅದನ್ನು ನೋಡಿ ಬಹಳ ದಿನಗಳ ನಂತರ ನನಗೆ ನಿಜವಾಗಿಯೂ ಸಂತೋಷವಾಯಿತು.

“ಒಳಗೆ ದೊಡ್ಡ ಕಂಡೆನ್ಸರ್ ಮೈಕು ಇದಾವಲ್ಲ, ಅವನ್ನ ತಾ. ಸ್ಟ್ಯಾಂಡಿಗೆ ಹಾಕಿ ಒಂದು ಮೊಳ ಮೇಲಕ್ಕೆ ಇಡು.”

“ಅವು ಹಾಡೋರಿಗೆ, ಕುಟ್ಟೋರಿಗಲ್ಲ. ಸೊಳ್ಳೆ ಕೆಮ್ಮಿದ್ರೂ ಹಿಡಿದುಬಿಡ್ತವೆ.” ಅವನು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ. “ಇಷ್ಟು ವರ್ಷ ಹತ್ತಿರ ಇಡು, ಹತ್ತಿರ ಇಡು ಅಂತ ನನ್ನ ಪ್ರಾಣ ತಿಂದೋರು ನೀವು. ಇವತ್ತೇನು ಹೊಸದಾಗಿ?”

“ಕಿವಿ ಬಲಿತಿದೆ. ನಿನಗಿನ್ನೂ ಬಲಿಯಬೇಕು.”

“ಕಿವಿ ಬಲಿತಿದೆಯೋ, ಕೈ ಬಲಿತಿದೆಯೋ ನೋಡೋಣ” ಅಂದ. ಸುಮ್ಮನೆ ಅಂದ ಮಾತೇ ಇರಬೇಕು. ಆದರೂ ಎಡಗೈಯನ್ನು ಬೆನ್ನ ಹಿಂದೆ ಸರಿಸಿದೆ. ದನಿ ಏರಿಸಿದೆ. ಅವನೂ ಏರಿಸಿದ. ಅವನ ಅಜ್ಜಿಯ ಕಿವುಡುತನದವರೆಗೂ ನಾನು ಹೋದೆ, ಅದು ಅವನ ಅಕ್ಕನ ಅಜ್ಜಿಯೂ ಹೌದು ಅಂತ ಆಮೇಲೆ ಹೊಳೆಯಿತು. ಗಲಾಟೆ ಕೇಳಿ ಗಾಯಕಿ ಬಂದಳು. ಎರಡೂ ಕಡೆಯ ಮಾತು ಕೇಳಿ, “ಅಣ್ಣ ಹೇಳಿದ ಹಾಗೇ ಇಟ್ಟು ನೋಡೋಣ. ಅವರ ಡ್ರಮ್ಮು, ಅವರಿಗೆ ಗೊತ್ತಿರುತ್ತೆ” ಅಂದಳು.

ಬೆರಳಪ್ಪ ಕ್ಲಿಪ್ಪುಗಳನ್ನು ಕಿತ್ತ. ಕಂಡೆನ್ಸರ್‌ಗಳನ್ನು ತಂದು ನಾನು ಕೈ ತೋರಿಸಿದ ಎತ್ತರಕ್ಕೆ ಕಟ್ಟಿದ. ನಾನು ಇನ್ನೂ ಮೇಲೆ, ಇನ್ನೂ ಮೇಲೆ ಅಂತ ಎರಡು ಸಲ ಬೇಕೆಂದೇ ಆಡಿಸಿದೆ.

ಬಾರಿಸಿದೆ. ಮೂರು ಟಾಮ್‌ಗಳ ಗುಡುಗು ಕೋಣೆಯ ತುಂಬ ಉರುಳಿ, ಒಂದರ ಬಾಲಕ್ಕೆ ಇನ್ನೊಂದು ಸೇರಿಕೊಂಡು ಮೇಲೆದ್ದಿತು. ನಡುವೆ ಎರಡು ಕಡೆ ಎಡಗೈ ಸೋತಿತು. ಏಟು ಜೋಡಿಯಾಗಿ ಕುಟುಕಿತು. ಆದರೆ ಆ ಗುಂಯ್‌ಗುಡುವಿಕೆಯಲ್ಲಿ ಅದು ಮುಳುಗಿಹೋಯಿತು. ಗಾಜಿನ ಆಚೆ ಗಾಯಕಿ ಹೆಬ್ಬೆರಳೆತ್ತಿದಳು. ಬೆರಳಪ್ಪ ತಲೆ ಓರೆ ಮಾಡಿ ಏನನ್ನೋ ಹುಡುಕುವವನ ಹಾಗೆ ಕೂತಿದ್ದ. “ಇನ್ನೊಂದು ಸಲ” ಅಂದ. ಮತ್ತೆ ಬಾರಿಸಿದೆ. “ಇನ್ನೊಂದು.” ಮೂರನೆಯ ಸಲ ಮುಗಿಯುವ ಹೊತ್ತಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂಕಿ. ಗಾಯಕಿಯೇ ನಡುವೆ ಬಂದು ಕಾಫಿ ಕುಡಿದು ಬರೋಣ ಅಂದಳು. ಹೊರಗಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ನಾನು ಎದ್ದು ಹೋಗಲಿಲ್ಲ. ಹೋದರೆ ಲೋಟ ಹಿಡಿಯಬೇಕಾಗುತ್ತಿತ್ತು.

ಇಬ್ಬರೂ ಹೋದರು ಅಂದುಕೊಂಡು ಗಾಜಿನ ಕಡೆ ನೋಡಲೂ ಇಲ್ಲ. ಎಡಗೈಯನ್ನು ನಡುವಿನ ಟಾಮ್‌ನ ಮೇಲೆ ಹಾಕಿಕೊಂಡು ಬಲಗೈಯಿಂದ ತಿಕ್ಕಿದೆ. ಬೆರಳು ಮಡಿಸಿದರೆ ಮಡಿಯಲೊಲ್ಲದು. ನನಗೆ ಸಿಟ್ಟು ಬಂತು.

“ಏನಾಗಿದೆ ನಿನಗೆ, ದರಿದ್ರ?” ಅಂತ ಕೈಗೇ ಪಿಸುಗುಟ್ಟಿ ಬೈದೆ. “ಇವತ್ತೊಂದಿನ ಮಾನ ಉಳಿಸು, ನಾಳೆ ಬೇಕಾದ್ರೆ ಕಳಚಿ ಬಿದ್ದು ಹೋಗು. ಡಾಕ್ಟ್ರು ಕೋಲು ಮುಟ್ಬೇಡಿ ಅಂದಿದ್ದು ನಿನ್ನ ನನ್ನ ಮಧ್ಯೆನೇ ಇರ್ಲಿ. ಹೆಂಡತಿಗೂ ಹೇಳಿಲ್ಲ ನಾನು. ಹೇಳಿದ್ರೆ ಆ ಬೆರಳಪ್ಪನಿಗೆ ಗೊತ್ತಾಗುತ್ತೆ, ಊರೆಲ್ಲ ಡಂಗುರ ಹೊಡ್ಕೊಂಡು ಬರ್ತಾನೆ ಹಾಳಾದೋನು.”

ಕತ್ತಿನಲ್ಲಿ ನೇತಾಡುತ್ತಿದ್ದ ಹೆಡ್‌ಫೋನಿನಿಂದ ಸಣ್ಣ ದನಿ ಬಂತು.

“ಭಾವ. ಮೈಕು ಆನಲ್ಲಿದೆ.”

ಇಷ್ಟು ವರ್ಷ ಸ್ಟುಡಿಯೋಗಳಲ್ಲಿ ಬಾಳಿದವನು ನಾನು. ಮೈಕಿನ ಕೆಳಗೆ ಮನೆ ಮಾತು ಆಡಬಾರದು ಅಂತ ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೇನೆ. ಅವನ ಮೊಂಡು ಮೈಕುಗಳು ಇದ್ದಿದ್ದರೆ ಈ ಪಿಸುಮಾತು ಅವುಗಳ ಬಳಿಯೂ ಸುಳಿಯುತ್ತಿರಲಿಲ್ಲ. ಸೊಳ್ಳೆಯ ಕೆಮ್ಮು ಹಿಡಿಯುವ ಮೈಕೇ ಬೇಕು ಅಂತ ಹಟ ಹಿಡಿದು, ಜಗಳ ಗೆದ್ದು, ತಲೆಯ ಮೇಲೆ ತೂಗುಹಾಕಿಸಿಕೊಂಡವನು ನಾನೇ.

ಗಾಜಿನ ಆಚೆ ಅವನೊಬ್ಬನೇ ಇದ್ದ. ಕಾಫಿಗೆ ಹೋಗಿರಲಿಲ್ಲ. ಎದ್ದು ಒಳಗೆ ಬಂದ. ಈಗ ಕುಣಿಯುತ್ತಾನೆ ಅಂದುಕೊಂಡೆ. ಅವನ ಮುಖ ಕೆಂಪಾಗಿತ್ತು.

“ಅಕ್ಕನಿಗೆ ಗೊತ್ತಿಲ್ವಾ?”

“ನಿನಗ್ಯಾಕೆ?”

“ದಿನಾ ಬೆಳಿಗ್ಗೆ ಅವಳನ್ನ ಸ್ಕೂಟರಲ್ಲಿ ಆಫೀಸಿಗೆ ಬಿಡೋದು, ಸಂಜೆ ಕರ್ಕೊಂಡು ಬರೋದು ನೀವೇ ಅಲ್ವಾ? ಹಿಂದಿನ ಬ್ರೇಕು ಯಾವ ಕೈಯಲ್ಲಿ ಹಿಡೀತೀರಾ, ಭಾವ?”

ಹೋದ ವಾರ ತಿರುವಿನಲ್ಲಿ ಬಸ್ಸು ಅಡ್ಡ ಬಂದಿತ್ತು. ಎಡಗೈ ಬ್ರೇಕಿನ ಮೇಲೆ ಇತ್ತು, ಒತ್ತಲಿಲ್ಲ. ಎರಡೂ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಿದ್ದೆ. ಹಿಂದೆ ಕೂತವಳು ನನ್ನ ಬೆನ್ನಿಗೆ ಗುದ್ದಿ, “ಚಿಕ್ಕ ಹುಡುಗರ ಹಾಗೆ ಆಡ್ಬೇಡಿ” ಅಂತ ನಕ್ಕಿದ್ದಳು.

“ನಾಚಿಕೆ ಆಗಲ್ವಾ ನಿಮಗೆ?” ಅಂದ. “ನೀವು ಬಾರ್ಸಿ, ಬಿಡಿ, ನಿಮ್ಮ ಕೈ ಉದುರಿ ಹೋಗ್ಲಿ, ನನಗೇನೂ ಆಗಬೇಕಾಗಿಲ್ಲ. ಹಿಂದೆ ಕೂತಿರೋಳು ನನ್ನಕ್ಕ.”

“ಹೋಗಿ ಹೇಳು ಮತ್ತೆ. ಅವಳಿಗೂ ಹೇಳು, ಗಾಯಕಿಗೂ ಹೇಳು. ಅದಕ್ಕೇ ಅಲ್ವಾ ಕಾಯ್ತಿದ್ದಿದ್ದು?”

“ನಾನು ಹೇಳಲ್ಲ. ಹೇಳಿದ್ರೆ ಸಾಯೋ ತನಕ ‘ನಿನ್ನ ತಮ್ಮ ನನ್ನ ಹೊಟ್ಟೆ ಮೇಲೆ ಹೊಡೆದ’ ಅಂತ ಅವಳ ತಲೆ ತಿಂತೀರಿ. ನಿಮ್ಮನ್ನ ನಾನು ಕಂಡಿಲ್ವಾ?” ಅಂದವನೇ ಕಂಡೆನ್ಸರ್‌ಗಳನ್ನು ಬಿಚ್ಚತೊಡಗಿದ. “ಮೈಕು ಹೇಳ್ಲಿ.”

ಮೂರು ಟಾಮ್‌ಗಳಿಗೂ ಮತ್ತೆ ತನ್ನ ಮೊಂಡು ಮೈಕುಗಳನ್ನು ಸಿಕ್ಕಿಸಿದ. ಎರಡು ಬೆರಳು ಮಲಗಿಸಿದ, ಮೂತಿ ತಿರುಗಿಸಿದ, ಕ್ಲಿಪ್ಪು ಬಿಗಿದ. ಅಲ್ಲಾಡಿಸಿ ನೋಡಿದ. ನಡುವಿನ ಟಾಮ್‌ನ ಮೇಲಿದ್ದ ನನ್ನ ಎಡಗೈಯನ್ನು ಕಪ್ಪೆ ಸರಿಸುವ ಹಾಗೆ ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದ. ಆಗ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿದ್ದು ನಿಜ. ಬಲಗೈ ಇನ್ನೂ ಚೆನ್ನಾಗಿಯೇ ಇತ್ತು.

ಗಾಯಕಿ ವಾಪಸು ಬಂದಳು. ಮೈಕು ಬದಲಾಗಿದ್ದನ್ನು ನೋಡಿ ಕೇಳಿದಾಗ ಅವನು, “ಒಂದ್ಸಲ ಹೀಗೂ ತೆಗೆದು ಇಟ್ಕೊಳ್ಳೋಣ” ಅಂದ. ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿ ಹೆಡ್‌ಫೋನ್ ಹಾಕಿಕೊಂಡೆ. ಹಟ ಬಂದಿತ್ತು. ಇವನ ಮುಂದೆ, ಇವನ ಮೈಕಿನ ಮುಂದೆಯೇ ಬಾರಿಸಿ ತೋರಿಸುತ್ತೇನೆ ಅಂತ.

ಬಲ ಎಡ ಬಲ ಎಡ. ಚಿಕ್ಕದನ್ನು ದಾಟಿದೆ. ನಡುವಿನದಕ್ಕೆ ಬಂದೆ. ಒಂದು ಏಟು ಬಿತ್ತು, ಅದರ ಹಿಂದೆಯೇ ಇನ್ನೊಂದು ಸತ್ತ ಏಟು. ಧಡ್, ಧ. ಹೆಡ್‌ಫೋನಿನಲ್ಲಿ ಅದು ನನ್ನ ಕಿವಿಯ ಒಳಗೇ ಬಿದ್ದ ಹಾಗೆ ಕೇಳಿಸಿತು. ಮತ್ತೆ ಅದೇ. ದೊಡ್ಡದರ ಮೇಲೆ ಇನ್ನೂ ಕೆಟ್ಟದಾಗಿ. ನನ್ನ ಕೈಯನ್ನು ನಾನು ಅಷ್ಟು ಹತ್ತಿರದಿಂದ ಅಲ್ಲಿಯವರೆಗೆ ಕೇಳಿರಲಿಲ್ಲ. ಬೇರೆ ಯಾವನಾದರೂ ಹಾಗೆ ಬಾರಿಸಿದ್ದರೆ ಎದ್ದು ಮನೆಗೆ ಹೋಗು ಅನ್ನುತ್ತಿದ್ದೆ.

ನಿಲ್ಲಿಸಿದೆ. ಗಾಯಕಿ ಗಾಜಿನ ಆಚೆಯಿಂದ ಮಾತಾಡುವ ಟಾಕ್‌ಬ್ಯಾಕ್ ಮೈಕಿನಲ್ಲಿ ಕೇಳಿದಳು. “ಅಣ್ಣ, ಏಟು ಎರಡೆರಡು ಸಲ ಬರ್ತಿದೆ. ಕ್ಲಿಪ್ಪೇನಾದ್ರೂ ಸಡಿಲ ಆಗಿದ್ಯಾ? ಮೈಕು ಅಂಚಿಗೆ ಬಡೀತಿರಬೇಕು.”

ಹಾಗೆ ಆಗುವುದುಂಟು. ಕ್ಲಿಪ್ಪು ಸಡಿಲವಾದರೆ ಮೈಕು ಅಲುಗಿ ಪ್ರತಿ ಏಟಿಗೂ ತಾನೊಂದು ಏಟು ಸೇರಿಸುತ್ತದೆ. ಹೌದು ಅಂದರೆ ಸಾಕಿತ್ತು. ತಪ್ಪು ಬೆರಳಪ್ಪನದಾಗುತ್ತಿತ್ತು, ಕಂಡೆನ್ಸರ್ ವಾಪಸು ಬರುತ್ತಿತ್ತು, ಆಲ್ಬಮ್ ನನ್ನದಾಗುತ್ತಿತ್ತು. ಅವನ ಮಾನ ಅವನ ಸ್ಟುಡಿಯೋದಲ್ಲೇ ಕಳೆಯುವ ಇಂಥ ಅವಕಾಶಕ್ಕೆ ನಾನು ಎಷ್ಟು ವರ್ಷ ಬಾಯಿಬಿಟ್ಟುಕೊಂಡು ಕಾದಿದ್ದೆ. ಗಾಜಿನ ಆಚೆ ಅವನು ಅಲುಗಾಡದೆ ನನ್ನನ್ನೇ ನೋಡುತ್ತಿದ್ದ. ನಾನು ಏನನ್ನುತ್ತೇನೆ ಅಂತ ಅವನಿಗೆ ಖಾತ್ರಿಯಿತ್ತು, ಮುಖದಲ್ಲೇ ಕಾಣುತ್ತಿತ್ತು. ಹೌದು ಅಂದುಬಿಟ್ಟರೆ ಸಂಜೆ ಅವನಕ್ಕ ಮತ್ತೆ ನನ್ನ ಹಿಂದೆ ಕೂರುತ್ತಾಳೆ.

“ಮೈಕು ಸರಿಯಾಗೇ ಇದೆ” ಅಂದೆ. “ಕತ್ತೆ, ಆದ್ರೆ ಮೈಕು ಇಡೋಕೆ ಬರುತ್ತೆ ಅವನಿಗೆ. ನನ್ನ ಎಡಗೈ ಹೋಗಿದೆ, ಕಣಮ್ಮ. ಬೇರೆಯವರನ್ನ ಕರೆಸು.”

ಆಮೇಲೆ ಗಾಯಕಿ ಒಳಗೆ ಬಂದು ನನ್ನ ಭುಜ ಹಿಡಿದುಕೊಂಡು ನಿಂತಳು. ಫೋನು ಹಿಡಿದುಕೊಂಡು ಹೊರಗೆ ಹೋದಳು. ಯಾರಿಗೆ ಅಂತ ಕೇಳುವ ಅಗತ್ಯವಿರಲಿಲ್ಲ. ನನಗೆ ಅಳು ಬಂತು. ಅವನ ಮುಂದೆ ಅಳಬಾರದೆಂದು ಬಗ್ಗಿ ಕೋಲುಗಳನ್ನು ಚೀಲಕ್ಕೆ ತುಂಬಿದೆ.

ಏಳುವ ಮುಂಚೆ ಜೇಬಿನಿಂದ ಸ್ಕೂಟರಿನ ಕೀ ತೆಗೆದು, ಗಾಜಿನ ಆಚೆ ಕಾಣುವ ಹಾಗೆ ಎತ್ತಿ ತೋರಿಸಿ, ದೊಡ್ಡ ಟಾಮ್‌ನ ಮೇಲೆ ಹಾಕಿದೆ. ಮೈಕಿನ ಮೂಗಿನ ಕೆಳಗೇ ಬಿತ್ತು. ಅಲ್ಲಿ ಅವನು ಹೆಡ್‌ಫೋನ್ ಕಿತ್ತು ಎಸೆದು ಕಿವಿ ಮುಚ್ಚಿಕೊಂಡ. ಆಮೇಲೆ ಟಾಕ್‌ಬ್ಯಾಕಿನ ಗುಂಡಿ ಒತ್ತಿದ.

“ಮೈಕಿನ ಹತ್ರ ಕೀ ಎಸೀಬೇಡಿ ಅಂತ ಎಷ್ಟು ಸಲ ಹೇಳ್ಬೇಕು, ಭಾವ? ಸಂಜೆ ಅಕ್ಕನ್ನ ನಾನೇ ಕರ್ಕೊಂಡು ಬರ್ತೀನಿ. ನೀವು ಬಸ್ಸಲ್ಲಿ ಹೋಗಿ.”

ಆ ‘ಭಾವ’ದಲ್ಲಿ ಎಂದಿನಷ್ಟೇ ವಿಷವಿತ್ತು. ಒಂದು ತೊಟ್ಟೂ ಕಡಿಮೆ ಆಗಿರಲಿಲ್ಲ. ನಾನು ಬಸ್ಸಿನಲ್ಲಿ ಹೋದೆ.