ಕೈಯೂರದೆ ಹನ್ನೆರಡು

ಟೈಲರಮ್ಮನಿಗೆ ಬೇಕಾಗಿದ್ದುದು ಒಂದೇ, ತನ್ನ ಮನೆ. ಎರಡನೇ ಮಹಡಿಯ ಆ ಎರಡು ಕೋಣೆ, ಕಿಟಕಿಗೊತ್ತಿದ ಹೊಲಿಗೆ ಮಿಷನ್ನು, ‘ಯಾಕಮ್ಮ ಎದ್ದೆ?’ ಎಂದು ಯಾರೂ ಕೇಳದ ಬೆಳಗು. ಸೊಂಟ ಮುರಿದ ಮೇಲೆ ಎಂಟು ತಿಂಗಳಿಂದ ಮಗಳ ಮನೆಯಲ್ಲಿದ್ದಳು. ಮಗಳು ಕೆಟ್ಟವಳಲ್ಲ ಪಾಪ, ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಳು. ಆದರೆ ಅಂಗೈಯಲ್ಲಿ ಎಷ್ಟು ದಿನ ಅಂತ ಕೂರುವುದು?

“ಕೈಯೂರದೆ ಅರ್ಧ ನಿಮಿಷದಲ್ಲಿ ಹನ್ನೆರಡು ಸಲ ಕುರ್ಚಿಯಿಂದ ಎದ್ದು ತೋರಿಸಮ್ಮ, ಅವತ್ತೇ ಬೀಗದಕೈ ಕೊಡ್ತೀನಿ,” ಎಂದಿದ್ದಳು ಮಗಳು.

ಅದಕ್ಕೇ ವಾರಕ್ಕೆರಡು ದಿನ ಗ್ರಂಥಾಲಯದ ಹಿಂದಿನ ಹಾಲಿನಲ್ಲಿ ವ್ಯಾಯಾಮ. ಹದಿನಾರು ಕುರ್ಚಿ, ಹದಿನಾರು ಹಣ್ಣುಜೀವ. ಇಬ್ಬಿಬ್ಬರು ಜೋಡಿ. ಒಬ್ಬರು ಎದ್ದು ಕೂತರೆ ಇನ್ನೊಬ್ಬರು ಎಣಿಸಬೇಕು. ಅವರು ಹೇಳಿದ್ದೇ ಲೆಕ್ಕ, ಕಲಿಸುವ ಮೇಡಂ ಅದನ್ನೇ ಬರೆದುಕೊಳ್ಳುವಳು. ಹನ್ನೆರಡು ಮುಟ್ಟಿದವರು ಕುರ್ಚಿ ಬಿಟ್ಟುಕೊಡಬೇಕು, ಹೊಸಬರು ಕಾಯುತ್ತಿರುತ್ತಾರಲ್ಲ.

ಟೈಲರಮ್ಮನ ಜೋಡಿ ನಿವೃತ್ತ ಬಸ್ ಕಂಡಕ್ಟರ್. ಅವನ ಮಂಡಿ ಹೋಗಿತ್ತು, ಬಾಯಿ ಹೋಗಿರಲಿಲ್ಲ. “ಮೂರು, ರೈಟ್! ನಾಲ್ಕು, ರೈಟ್! ಬೇಗ ಬೇಗ, ಹಿಂದೆ ಜನ ಇದ್ದಾರೆ!” ಎಂದು ಕೂಗುವನು. ಅವಳು ನಕ್ಕು ನಕ್ಕು ಕುರ್ಚಿಗೇ ಕುಸಿಯುವಳು.

“ನಿಮ್ಮ ಬಾಯಿಗೆ ನಾಲ್ಕು ಹೊಲಿಗೆ ಹಾಕ್ಬೇಕು, ಕಂಡಕ್ಟರೇ!”

ತಿಂಗಳ ಪರೀಕ್ಷೆಯ ದಿನ ಮಗಳೂ ಬಂದು ಬಾಗಿಲಲ್ಲಿ ನಿಂತಳು. ಟೈಲರಮ್ಮ ಹಲ್ಲು ಕಚ್ಚಿ ಎದ್ದಳು, ಕೂತಳು, ಎದ್ದಳು. ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಅರ್ಧ ನಿಮಿಷಕ್ಕೆ ಮೇಡಂ ಗಂಟೆ ಹೊಡೆಯುವಷ್ಟರಲ್ಲಿ ಹನ್ನೆರಡಾಗಿತ್ತು.

“ಹನ್ನೊಂದು,” ಎಂದ ಕಂಡಕ್ಟರ್.

“ಅಯ್ಯೋ, ಒಂದರಲ್ಲಿ ತಪ್ಪೋಯ್ತಲ್ಲ! ಇನ್ನು ಮುಂದಿನ ತಿಂಗಳೇ,” ಎಂದು ಮೇಡಂ ಬರೆದುಕೊಂಡಳು.

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವನನ್ನು ಮೂಲೆಗೆ ಕರೆದಳು. “ಜೀವಮಾನವೆಲ್ಲ ಬಸ್ಸಲ್ಲಿ ತಲೆ ಎಣಿಸಿದವರು ನೀವು. ನಿಮಗೆ ತಪ್ಪುತ್ತಾ? ಯಾಕೆ ಹೀಗೆ ಮಾಡಿದ್ರಿ?”

ಅವನು ತನ್ನ ಚಪ್ಪಲಿ ನೋಡುತ್ತ ನಿಂತ. “ಇಲ್ಲಿಗೆ ಬರೋ ದಿನ ಬೆಳಗ್ಗೆ ಆರಕ್ಕೇ ಗಡ್ಡ ಮಾಡ್ಕೊಂಡು ಕೂತಿರ್ತೀನಿ, ಟೈಲರಮ್ಮ. ನೀವು ಹೋದ್ಮೇಲೆ ಯಾರಿಗೋಸ್ಕರ ಬರ್ಲಿ?”

ಅವಳಿಗೆ ಸಿಟ್ಟು ಇಳಿಯಲಿಲ್ಲ. ಆದರೆ ಈ ಮನುಷ್ಯನ ಕೂಗು ತನಗೂ ಬೇಕು ಎಂಬುದು ಆಗಲೇ ತಿಳಿದದ್ದು. ಮನೆಯೂ ಬೇಕು. ಎರಡೂ ಬೇಕೆಂದರೆ ಯಾರನ್ನು ಕೇಳುವುದು?

ಅವನೇ ಕುಂಟುತ್ತ ಮೇಡಂ ಬಳಿಗೆ ಹೋದ. “ಹನ್ನೆರಡು ಮೇಡಂ. ತಪ್ಪು ನಂದೇ, ಬೇಕಂತ್ಲೇ ಹೇಳ್ದೆ.” ಮಗಳು ಚೀಲದಿಂದ ಬೀಗದಕೈ ತೆಗೆದು ಅಮ್ಮನ ಕೈಯಲ್ಲಿಟ್ಟಳು.

“ಮನೆಗೆ ಬನ್ನಿ ಒಂದಿನ,” ಎಂದಳು ಟೈಲರಮ್ಮ.

“ಎಷ್ಟು ಮೆಟ್ಟಿಲು?”

“ಮೂವತ್ತಾರು.”

“ನನ್ನ ಮಂಡಿ ಮೂರಕ್ಕೇ ಕೈಯೆತ್ತಿಬಿಡುತ್ತೆ!” ಎಂದು ನಕ್ಕ. ಆಮೇಲೆ ನಗು ನಿಂತಿತು. ಕುರ್ಚಿ ಎಳೆದು ಕೂತ, ಎದೆಯ ಮೇಲೆ ಕೈ ಕಟ್ಟಿದ. “ಎಣಿಸಿ.”

ಅವಳು ಗಡಿಯಾರ ನೋಡುತ್ತ ಎಣಿಸಿದಳು. ನಾಲ್ಕಕ್ಕೇ ಅವನ ಕಾಲು ಗಡಗಡ ನಡುಗಿತು. ಅರ್ಧ ನಿಮಿಷ ಮುಗಿದಾಗ ‘ಎಂಟು’ ಅನ್ನೋಣವೆಂದು ಅವಳ ಬಾಯಿಗೆ ಬಂತು.

“ಆರು,” ಎಂದಳು.

“ಆರೇನಾ?”

“ಆರೇ. ಇನ್ನೂ ಆರು ಬೇಕು. ಬೇಗ ಮಾಡಿ ಕಂಡಕ್ಟರೇ, ನಂದು ತುಂಬ ದಿನ ಕಾಯೋ ವಯಸ್ಸಲ್ಲ.”