ಕೆಂಪಣ್ಣನ ರುಜು

ಚಟ್ಟ ಬೋರ್ಡಿನ ಹತ್ತಿರ ಬಂದು ನಿಂತುಬಿಟ್ಟಿತು. ಮುಂದೆ ಬಲಗಡೆ ಹೆಗಲು ಕೊಟ್ಟಿದ್ದ ಮುನಿಸ್ವಾಮಪ್ಪನ ಕಾಲು ಮೊಣಕಾಲ ತನಕ ಕೆಸರಿನಲ್ಲಿ ಹೂತುಹೋಗಿತ್ತು. ಅದು ಗೊತ್ತಿಲ್ಲದೆ ಹಿಂದಿನವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಹೆಣ ಬಲಕ್ಕೆ ವಾಲಿತು. ಚೌಡಮ್ಮ ಓಡಿ ಬಂದು ಗಂಡ ಕೆಂಪಣ್ಣನ ಪಾದ ಹಿಡಿದುಕೊಂಡಳು.

"ನಿಲ್ಲಿಸ್ರಲಾ," ಅಂದ ಮುನಿಸ್ವಾಮಪ್ಪ. "ಕಾಲು ಆಚೆ ಬತ್ತಾ ಇಲ್ಲ."

"ಅವ್ನು ಆಕಿದ ರೋಡು ಅವ್ನನ್ನೇ ಬಿಡ್ತಾ ಇಲ್ಲ ನೋಡು," ಎಂದು ಹಿಂದಿನಿಂದ ಯಾರೋ ಅಂದರು.

ಹೆಣದ ಮುಂದೆ ಇಂಥ ಮಾತು ಆಡಬಾರದು. ಆದರೆ ಉರಿಗಾಂ ಲೈನಿನ ಸಾಲುಮನೆಗಳವರು ಇದೇ ದಾರಿಯಲ್ಲಿ ಎಷ್ಟೋ ಹೆಣ ಹೊತ್ತು, ಎಷ್ಟೋ ಸಲ ಜಾರಿ ಬಿದ್ದು, ಬಾಯಿ ಬಿಗಿಹಿಡಿಯುವುದನ್ನು ಮರೆತಿದ್ದರು. ರಾತ್ರಿಯ ಮಳೆಗೆ ಹಳೇ ಚಿನ್ನದ ಗಣಿಯ ಸಯನೈಡ್ ದಿಬ್ಬದ ಬೂದು ಮಣ್ಣು ಕರಗಿ ದಾರಿ ತುಂಬಾ ಹರಡಿತ್ತು. ರಸ್ತೆ ಇಲ್ಲದಿದ್ದರೂ ಬೋರ್ಡು ಮಾತ್ರ ಗಟ್ಟಿಯಾಗಿ ನಿಂತಿತ್ತು. ಹಳದಿ ಬಣ್ಣ, ಕಪ್ಪು ಅಕ್ಷರ. ಕಾಮಗಾರಿ: ಸ್ಮಶಾನಕ್ಕೆ ಕಾಂಕ್ರೀಟ್ ರಸ್ತೆ. ಸ್ಥಿತಿ: ಪೂರ್ಣಗೊಂಡಿದೆ. ಗುತ್ತಿಗೆದಾರರು: ಶ್ರೀ ಕೆಂಪಣ್ಣ. ಅವನ ಹೆಸರಿಗೆ ಶ್ರೀ ಸೇರಿಸಿ ಮರ್ಯಾದೆ ಕೊಟ್ಟದ್ದು ಊರಲ್ಲಿ ಅದೊಂದೇ.

ಮಗಳು ಅನು ತಾಯಿಯ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಅಮ್ಮ, ಅದು ಐತಾ?"

ಚೌಡಮ್ಮ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. "ಅದೆ."

ಗಂಟಿನಲ್ಲಿದ್ದದ್ದು ಕೀ. ಮನೆಯಲ್ಲಿ ಅದನ್ನು ಹಾಗೇ ಕರೆಯುತ್ತಿದ್ದರು. ಸರ್ಕಾರಿ ಕೆಲಸಕ್ಕೆ ಟೆಂಡರ್ ಹಾಕುವವರು ಈಗ ಕಾಗದದ ಮೇಲೆ ರುಜು ಮಾಡುವುದಿಲ್ಲ. ಹೆಬ್ಬೆರಳಿನಷ್ಟು ಉದ್ದದ ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಅದೇ ರುಜು. ಬೆಳಿಗ್ಗೆ ಹೆಣಕ್ಕೆ ನೀರು ಹಾಕುವಾಗ ಉಡುದಾರ ಕತ್ತರಿಸಿದವನು ಮುನಿಸ್ವಾಮಪ್ಪ. ಉಡುದಾರದ ಜೊತೆ ಕೀ ಅವನ ಅಂಗೈಗೆ ಬಿತ್ತು.

"ಇದೇನು ಚೌಡಮ್ಮ?"

"ಅವ್ರ ಸೈನು ಅಣ್ಣ. ಬಂಗಾರಪೇಟೆ ಕಂಟ್ರಾಕ್ಟರ್ ಆದಿನಾರಾಯಣನ ಕೈಲಿತ್ತು. ಓದ ವಾರ ಓಗಿ ಇಸ್ಕೊಂಡು ಬಂದ್ರು. ಅವತ್ತಿಂದ ಸೊಂಟದಿಂದ ಬಿಚ್ಚಿಲ್ಲ."

ಮುನಿಸ್ವಾಮಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವಳ ಕೈಗೆ ಕೊಟ್ಟಿದ್ದ. ಒಂದು ತಿಂಗಳಿಂದ ಈ ಮನೆಯವರ ಜೊತೆ ಮಾತು ಬಿಟ್ಟಿದ್ದವನು ಯಾರೂ ಕರೆಯದೆಯೇ ಹೋಗಿ ಚಟ್ಟದ ಮುಂದುಗಡೆ ಹೆಗಲು ಕೊಟ್ಟಿದ್ದ.

"ಬಂಗಾರಪೇಟೆಯಿಂದ ಯಾರಾದ್ರೂ ಬಂದೇ ಬತ್ತಾರೆ, ಕೀ ಕೇಳ್ತಾರೆ," ಅಂದಳು ಅನು.

"ಕೇಳ್ಲಿ. ಕೊಡಾಕಿಲ್ಲ. ಅವ್ರ ಎಸ್ರು ಅವ್ರ ಜೊತೇಲೇ ಮಣ್ಣಿಗೆ ಓಗ್ಲಿ. ಇನ್ನ ಒಬ್ಬ ಅದನ್ನ ಮುಟ್ಬಾರ್ದು."

ಅಷ್ಟರಲ್ಲಿ ಇಬ್ಬರು ಹುಡುಗರು ಮುನಿಸ್ವಾಮಪ್ಪನನ್ನು ಕಂಕುಳಿಗೆ ಕೈಕೊಟ್ಟು ಎತ್ತಿದರು. ಚಟ್ಟ ಮತ್ತೆ ಹೊರಟಿತು.

*

ಕೆಂಪಣ್ಣ ಗಾರೆ ಕೆಲಸದವನು. ಅವನು ಹಾಕಿದ ನೆಲ ಬೇಸಿಗೆಯಲ್ಲೂ ತಣ್ಣಗಿರುತ್ತದೆ ಎಂದು ಲೈನಿನ ಹೆಂಗಸರು ಹೊಗಳುತ್ತಿದ್ದರು. ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು, ಆದರೆ ರುಜು ಮಾಡುವುದೆಂದರೆ ವಿಪರೀತ ಖುಷಿ. ನೆಲ ಮುಗಿದ ಮೇಲೆ, ಸಿಮೆಂಟು ಹಸಿಯಿರುವಾಗಲೇ, ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಮೊಳೆಯಿಂದ 'ಕೆಂಪಣ್ಣ' ಎಂದು ಗೀಚುತ್ತಿದ್ದ. ತನ್ನ ಮನೆಯ ಮೆಟ್ಟಿಲಿಗೂ ಬರೆದುಕೊಂಡಿದ್ದ, ತುಸು ದೊಡ್ಡದಾಗಿಯೇ.

"ತುಳಿಯೋ ಜಾಗ್ದಲ್ಲಿ ಯಾರಾದ್ರೂ ಎಸ್ರು ಬರ್ಕೊಂತಾರಾ?" ಎಂದು ಚೌಡಮ್ಮ ಆಡಿಕೊಂಡಿದ್ದಳು.

"ತುಳೀಲಿ ಬಿಡು. ತುಳಿದ್ರೂ ಕಿತ್ತೋಗಾಕಿಲ್ಲ. ಅದೇ ಅಲ್ವ ನನ್ನ ಕೆಲ್ಸ?"

ಆದಿನಾರಾಯಣ ಬಂಗಾರಪೇಟೆಯ ದೊಡ್ಡ ಗುತ್ತಿಗೆದಾರ. ಕೆಂಪಣ್ಣ ಅವನ ಕೈಕೆಳಗೆ ದುಡಿಯುತ್ತಿದ್ದ. ಒಂದು ದಿನ ಆದಿನಾರಾಯಣ ಭುಜದ ಮೇಲೆ ಕೈಹಾಕಿ ಕೂರಿಸಿಕೊಂಡ.

"ಮೀಸಲು ಕೆಲಸಗಳು ಬರ್ತಾ ಇವೆ ಕೆಂಪಣ್ಣ. ನಿಮ್ಮ ಜಾತಿಯವರೇ ಟೆಂಡರ್ ಹಾಕ್ಬೇಕು. ಲೈಸೆನ್ಸು ನಿನ್ನ ಹೆಸರಿಗೆ, ಓಡಾಟ ನಂದು. ಇನ್ಮೇಲೆ ನೀನು ಮೇಸ್ತ್ರಿ ಅಲ್ಲ, ಕಂಟ್ರಾಕ್ಟರ್."

ಕಂಟ್ರಾಕ್ಟರ್ ಎಂಬ ಮಾತು ಕೆಂಪಣ್ಣನಿಗೆ ಸಿಹಿಯಾಗಿ ಕೇಳಿಸಿತು. ಕೋಲಾರದಲ್ಲಿ ಹೊಸ ಗುತ್ತಿಗೆದಾರರಿಗೆ ತರಬೇತಿ ಇತ್ತು. ಇಸ್ತ್ರಿ ಶರಟು ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತ. ಅಧಿಕಾರಿಯೊಬ್ಬರು ಚೆನ್ನಾಗಿ ಮಾತಾಡಿದರು. ಹಿಂದೆ ಟೆಂಡರ್ ಡಬ್ಬಿಯ ಮುಂದೆ ರೌಡಿಗಳು ಕಾವಲು ನಿಲ್ಲುತ್ತಿದ್ದರು, ಇನ್ನು ಯಾರನ್ನೂ ಯಾರೂ ತಡೆಯುವಂತಿಲ್ಲ, ಮನೆಯಲ್ಲೇ ಕೂತು ಟೆಂಡರ್ ಹಾಕಬಹುದು, ಎಲ್ಲವೂ ಎಲ್ಲರಿಗೂ ಕಾಣುತ್ತದೆ ಎಂದರು. ಕೆಂಪಣ್ಣ ಕೈ ನೋಯುವಂತೆ ಚಪ್ಪಾಳೆ ತಟ್ಟಿದ. ಅಧಿಕಾರಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಂಪಣ್ಣನ ಟೆಂಡರುಗಳನ್ನೂ ಮನೆಯಲ್ಲೇ ಕೂತು ಹಾಕುತ್ತಿದ್ದರು. ಆ ಮನೆ ಆದಿನಾರಾಯಣನದು, ಅಷ್ಟೇ.

ಕೀ ಬಂದ ದಿನವೇ ಆದಿನಾರಾಯಣನ ಮೇಜಿನ ಡ್ರಾಯರು ಸೇರಿತು. ಆಮೇಲೆ ಎಲ್ಲೆಲ್ಲಿಯೋ ಕೆಂಪಣ್ಣ ಕಟ್ಟಿದ ಚರಂಡಿಗಳು, ಕೆಂಪಣ್ಣ ಬಳಿದ ಗೋಡೆಗಳು ಹುಟ್ಟಿಕೊಂಡವು. ಕೆಲವು ನೆಲದ ಮೇಲೂ ಇದ್ದವು, ಹಲವು ಕಂಪ್ಯೂಟರಿನಲ್ಲಿ ಮಾತ್ರ. ಸ್ಮಶಾನದ ರಸ್ತೆಗೆ ಇನ್ಯಾವುದೋ ಬೀದಿಯ ಫೋಟೋ ಹಾಕಿ ಬಿಲ್ಲು ಪಾಸಾಯಿತು. ಉಪ್ಪು ತಿಂದವರು ಬಂಗಾರಪೇಟೆಯಲ್ಲಿದ್ದರು, ನೀರು ಕುಡಿಯುವ ಸರದಿ ಮಾತ್ರ ಕೆಂಪಣ್ಣನದು. ಬಿಡುತ್ತೇನೆ ಎಂದಾಗಲೆಲ್ಲ ಆದಿನಾರಾಯಣ ನಗುತ್ತಲೇ ಹೇಳುತ್ತಿದ್ದ: "ಅರ್ಧಕ್ಕೆ ಬಿಟ್ರೆ ಕಪ್ಪುಪಟ್ಟಿ, ಕೇಸು. ಯಾರ ಮೇಲೆ? ರುಜು ಯಾರದು?"

"ಮಿಠಾಯಿ ಅಂಗ್ಡಿ ಗಾಜಿನ ಪೆಟ್ಟಿಗೇಲಿ ನೊಣ ಸಿಕ್ಕಾಕೊಂಡಂಗೆ ಆಗದೆ ನಂಗೆ," ಎಂದು ಒಮ್ಮೆ ಊಟ ಮಾಡುತ್ತ ಹೆಂಡತಿಗೆ ಹೇಳಿದ. "ಎಲ್ರಿಗೂ ಕಾಣ್ತೀನಿ. ಆಚೆ ಬರಾಕೆ ದಾರಿ ಇಲ್ಲ."

*

ಸ್ಮಶಾನದಲ್ಲಿ ಗುಂಡಿ ತೆಗೆದಿತ್ತು. ಚಟ್ಟ ಇಳಿಸುವ ಹೊತ್ತಿಗೆ ರವಿಶಂಕರ್ ಬಂದ. ಆದಿನಾರಾಯಣನ ಆಫೀಸು ನೋಡಿಕೊಳ್ಳುವವನು ಅವನೇ. ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ದೊಡ್ಡ ಸುಗಂಧರಾಜದ ಹಾರ ಹಿಡಿದು ಕೆಸರು ದಾಟಿಕೊಂಡು ಬಂದಿದ್ದ.

ಚೌಡಮ್ಮನ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ಅನು ಅವಳಿಗೆ ಅಡ್ಡ ನಿಂತಳು. ಮುನಿಸ್ವಾಮಪ್ಪನೂ ಬಂದು ಪಕ್ಕದಲ್ಲಿ ನಿಂತ.

ರವಿಶಂಕರ್ ಹಾರ ಹಾಕಿ, ಕಣ್ಣು ಮುಚ್ಚಿ ಕೈಮುಗಿದ. ಆಮೇಲೆ ಚೌಡಮ್ಮನ ಹತ್ತಿರ ಬಂದ.

"ಅಣ್ಣ ಬರೋರಿದ್ರು ಅಕ್ಕ, ಬಿ.ಪಿ. ಜಾಸ್ತಿಯಾಗಿ ಮಲಗವ್ರೆ. ಬಹಳ ನೊಂದ್ಕೊಂಡ್ರು. ತಿಥಿ ಖರ್ಚಿಗೆ ಯೋಚ್ನೆ ಮಾಡ್ಬೇಡಿ ಅಂದವ್ರೆ."

"ನಮ್ದು ನಾವ್ ನೋಡ್ಕೊಂತೀವಿ," ಅಂದಳು ಚೌಡಮ್ಮ.

ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಮೂವರೂ ಕಾದರು. ಅವನು ಕೀ ಮಾತೇ ಎತ್ತಲಿಲ್ಲ. ಹೊರಡುವಾಗ ಅನು ಕಡೆ ತಿರುಗಿ, "ಅಪ್ಪನ ಫೋನು ನಿನ್ನ ಹತ್ರ ಐತಾ? ಆಫ್ ಮಾಡ್ಬೇಡಮ್ಮ. ವಿಷ್ಯ ತಿಳಿದೋರು ಮಾತಾಡಿಸ್ತಾರೆ," ಎಂದಷ್ಟೇ ಹೇಳಿದ.

"ನಿನ್ನ ಮಕ ನೋಡಿ ಎದ್ರಿದ ಕಣೇ," ಎಂದಳು ಚೌಡಮ್ಮ ಮಗಳ ಕಿವಿಯಲ್ಲಿ. ಗಂಡ ಸತ್ತ ಮೇಲೆ ಮೊದಲ ಸಲ ಅವಳ ಎದೆ ಸ್ವಲ್ಪ ಹಗುರವಾಯಿತು. ಅದಕ್ಕೆ ಅವಳಿಗೇ ನಾಚಿಕೆಯೂ ಆಯಿತು.

*

ಹೋದ ತಿಂಗಳು ಮುನಿಸ್ವಾಮಪ್ಪನ ಹೆಂಡತಿ ದೊಡ್ಡಮುನಿಯಮ್ಮ ತೀರಿಕೊಂಡಳು. ಅವತ್ತೂ ಮಳೆ. ಬೋರ್ಡಿನ ಹತ್ತಿರವೇ ಹೊತ್ತವರು ಜಾರಿದರು, ಹೆಣ ಉರುಳಿ ಕೆಸರಿಗೆ ಬಿತ್ತು. ಮುನಿಸ್ವಾಮಪ್ಪ ಹೆಂಡತಿಯ ಮುಖವನ್ನು ತನ್ನ ಪಂಚೆಯಿಂದ ಒರೆಸಿದ. ಮಣ್ಣು ಮುಗಿಸಿಕೊಂಡು ಮನೆಗೆ ಹೋಗದೆ ನೇರ ಕೆಂಪಣ್ಣನ ಬಾಗಿಲಿಗೆ ಬಂದ. ಮೆಟ್ಟಿಲ ಮೇಲಿನ ಹೆಸರಿಗೆ ಎರಡೂ ಕಾಲಿನ ಕೆಸರು ಉಜ್ಜಿ ಒರೆಸಿ ಹೊರಟುಹೋದ.

ಒಳಗೆ ಕೂತಿದ್ದ ಕೆಂಪಣ್ಣ ಅದನ್ನು ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವತ್ತಿಂದ ಅನ್ನ ಸೇರಲಿಲ್ಲ. ಕೊನೆಗೆ ಹೆಂಡತಿಯನ್ನು ಕರೆದುಕೊಂಡು ರೈಲಿನಲ್ಲಿ ಬಂಗಾರಪೇಟೆಗೆ ಹೋದ. ಆದಿನಾರಾಯಣನ ಮುಂದೆ ಕೈಕಟ್ಟದೆ ನಿಂತದ್ದು ಅದೇ ಮೊದಲು.

"ನನ್ನ ಕೀ ನಂಗೆ ಕೊಡಿ ಸಾಮಿ. ಕೇಸಾದ್ರೂ ಆಗ್ಲಿ. ಆ ರೋಡು ನಾನೇ ಆಕ್ಬೇಕು."

ಜಗಳವಾಗುತ್ತದೆ ಎಂದು ಬಾಗಿಲ ಬಳಿ ಕೂತಿದ್ದ ಚೌಡಮ್ಮ ಗಟ್ಟಿಯಾಗಿ ಸೆರಗು ಹಿಡಿದುಕೊಂಡಿದ್ದಳು. ಆದಿನಾರಾಯಣ ಕಾಫಿ ತರಿಸಿದ.

"ಪರ್ವಾಲೇದು ಕೆಂಪಣ್ಣ. ನಿನ್ನ ವಸ್ತು ನೀನು ಕೇಳ್ತಾ ಇದೀಯ. ಲೇ ರವಿ, ರೆಕಾರ್ಡಿಗೆ ಒಂದು ವಿಡಿಯೋ ಮಾಡ್ಕೊಂಡು ಕೊಟ್ಬಿಡು."

ರವಿಶಂಕರ್ ಮೊಬೈಲು ಎದುರು ಹಿಡಿದ. ಕೆಂಪಣ್ಣ ಆಧಾರ್ ಕಾರ್ಡು ಎದೆಗೆ ಹಿಡಿದು, ಅವರು ಹೇಳಿಕೊಟ್ಟಂತೆ, "ನನ್ನ ಎಸ್ರು ಕೆಂಪಣ್ಣ. ನಾನು ನನ್ನ ಇಷ್ಟದಿಂದ ಈ ಅರ್ಜಿ ಆಕ್ತಾ ಇದೀನಿ," ಅಂದ. ಅವನ ಫೋನಿಗೊಂದು ನಂಬರು ಬಂತು; ಅದನ್ನೂ ಇಟ್ಟಿಗೆ ಎಣಿಸುವವನಂತೆ ಗಟ್ಟಿಯಾಗಿ ಓದಿ ಹೇಳಿದ. ಡ್ರಾಯರಿನಿಂದ ಕೀ ಬಂತು.

ವಾಪಸು ಬರುವಾಗ ರೈಲಿನಲ್ಲಿ ಅವನು ಕೀಯನ್ನು ಉಡುದಾರಕ್ಕೆ ಕಟ್ಟಿಕೊಂಡ. "ಬೀಗ ನಂದು, ಕೀನೂ ನಂದು," ಎಂದ. "ಇನ್ನ ನನ್ನ ಎಸ್ರು ನಂದೇ ಕಣೆ." ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ಚೌಡಮ್ಮ ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಭಾನುವಾರ ಬೆಳಿಗ್ಗೆ ಟೀ ಲೋಟ ಕೈಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಕುಸಿದ.

*

ಹೆಣವನ್ನು ಗುಂಡಿಗೆ ಇಳಿಸಿದರು. ಬಾಯಿಗೆ ಅಕ್ಕಿ ಹಾಕುವುದು ಮುಗಿಯಿತು. ಚೌಡಮ್ಮ ಗುಂಡಿಗಿಳಿದು ಸೆರಗಿನ ಗಂಟು ಬಿಚ್ಚಿ, ಕೀಯನ್ನು ಗಂಡನ ಬಲಗೈ ಬೆರಳುಗಳ ಒಳಗೆ ತುರುಕಿದಳು. ಬೆರಳು ಮಡಚಲು ಬರಲಿಲ್ಲ. ಮುನಿಸ್ವಾಮಪ್ಪನೂ ಇಳಿದು, ಉಡುದಾರದ ತುಂಡಿನಿಂದಲೇ ಅದನ್ನು ಅಂಗೈಗೆ ಬಿಗಿದು ಕಟ್ಟಿದ.

"ಇನ್ನ ಇವ್ನ ಎಸ್ರಲ್ಲಿ ಯಾರೂ ಟೆಂಡರ್ ಆಕಾಂಗಿಲ್ಲ ತಾನೆ?"

"ಇಲ್ಲ ಅಣ್ಣ."

"ಸರಿ. ಲೈನಿನೋರಿಗೆ ನಾನು ಏಳ್ತೀನಿ. ಇವ್ನು ಕಳ್ಳ ಅಲ್ಲ ಅಂತ." ಮೊದಲ ಹಿಡಿ ಮಣ್ಣು ಅವನೇ ಹಾಕಿದ.

ಮನೆಯ ಬಾಗಿಲಲ್ಲಿ ನೀರಿನ ಕೊಳಗ ಇಟ್ಟಿದ್ದರು. ಮಣ್ಣಿಗೆ ಹೋದವರು ಕಾಲು ತೊಳೆದುಕೊಂಡು, ಹೆಣ ಮಲಗಿಸಿದ್ದ ಜಾಗದಲ್ಲಿಟ್ಟ ದೀಪ ನೋಡಿ ಹೋಗಬೇಕು. ಅನು ಚೊಂಬಿನಲ್ಲಿ ನೀರು ಹಾಕುತ್ತಿದ್ದಳು. ಮುನಿಸ್ವಾಮಪ್ಪ ಮೆಟ್ಟಿಲ ಹತ್ತಿರ ಬಂದಾಗ ಅವಳ ಕೈಯಲ್ಲಿದ್ದ ಅಪ್ಪನ ಫೋನು ಸದ್ದು ಮಾಡಿತು.

ಅವಳು ಓದಿದಳು. ಚೊಂಬು ಕೆಳಗಿಟ್ಟು ಮತ್ತೊಮ್ಮೆ ಓದಿದಳು.

"ಯಾರ್ದೇ?" ಎಂದಳು ಚೌಡಮ್ಮ.

"ಅಪ್ಪಂಗೆ ಬಂದಿರೋದು." ಅನು ಗಟ್ಟಿಯಾಗಿ ಓದಿದಳು. "'ಮಾನ್ಯ ಕೆಂಪಣ್ಣ ಅವರೇ, ನಿಮ್ಮ ಡಿಜಿಟಲ್ ಸಹಿಯೊಂದಿಗೆ ನಿಮ್ಮ ಟೆಂಡರ್ ಯಶಸ್ವಿಯಾಗಿ ಸಲ್ಲಿಕೆಯಾಗಿದೆ. ಕಾಮಗಾರಿ: ಸ್ಮಶಾನ ರಸ್ತೆ, ಎರಡನೇ ಹಂತ.'"

"ಕೀ ಮಣ್ಣಲ್ಲಿ ಅದಲ್ಲೇ. ನನ್ನ ಕೈಯಾರೆ ಇಟ್ನಲ್ಲ."

"ಕೀ ಕೊಟ್ಟ ದಿನ ಅಪ್ಪನ ಹತ್ರ ಏನು ಏಳಿಸಿದ್ರಮ್ಮ?"

"ಎಸ್ರು ಏಳಿಸಿದ್ರು. ಅರ್ಜಿ ಆಕ್ತಾ ಇದೀನಿ ಅಂತ, ಮೊಬೈಲ್ ಮುಂದೆ. ಆಮೇಲೆ ಏನೋ ನಂಬರು."

"ಅದು ಒಸ ಕೀಗೆ ಆಕೋ ಅರ್ಜಿ ಅಮ್ಮ. ಅವತ್ತೇ ಇನ್ನೊಂದು ಕೀ ಮಾಡಿಸ್ಕೊಂಡವ್ರೆ. ಅಪ್ಪನ ಕೈಗೆ ಕೊಟ್ಟಿದ್ದು ಅಳೇದು."

ಚೌಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಸತ್ತೋರ ಎಸ್ರಲ್ಲಿ ಎಂಗೆ ಆಕ್ತಾರೇ?"

"ಅಪ್ಪ ಸತ್ತಿರೋದು ಕಂಪ್ಯೂಟರಿಗೆ ಇನ್ನೂ ಗೊತ್ತಿಲ್ಲಮ್ಮ. ಅದಕ್ಕೇ ಫೋನು ಆಫ್ ಮಾಡ್ಬೇಡ ಅಂದಿದ್ದು ಅವ್ನು."

ಮುನಿಸ್ವಾಮಪ್ಪ ಒಂದು ಕಾಲು ಎತ್ತಿದ್ದವನು ಹಾಗೇ ನಿಂತಿದ್ದ. ಕೆಳಗೆ ಮೆಟ್ಟಿಲ ಮೇಲೆ ಕೆಂಪಣ್ಣನ ಹೆಸರಿತ್ತು. ಹೋದ ತಿಂಗಳ ಕೆಸರು ಅಕ್ಷರಗಳ ಒಳಗೆ ಒಣಗಿ ಕೂತಿತ್ತು. ಅವನು ಕಾಲನ್ನು ಅಲ್ಲಿಡದೆ ಹಿಂದಕ್ಕೆ ತೆಗೆದುಕೊಂಡು ಕುಕ್ಕರುಗಾಲಲ್ಲಿ ಕೂತ. ಬೆರಳಿನ ಉಗುರಿನಿಂದ ಅಕ್ಷರಗಳ ಕೆಸರು ಕೆರೆಯತೊಡಗಿದ. ಒಂದಕ್ಷರ ಬಿಡಿಸುವಷ್ಟರಲ್ಲಿ, ಮೇಲಿನ ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದವರ ಬೂದು ನೀರು ಮೆಟ್ಟಿಲಿಗೆ ಇಳಿದು ಬಂದು ಮತ್ತೆ ಅದರೊಳಗೇ ತುಂಬಿಕೊಳ್ಳುತ್ತಿತ್ತು.